ಮುಟ್ಟಿದ ಕಾಯಿ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್‌ನಲ್ಲಿ ಹಿಂದೆಲ್ಲ ಇಸ್ಪೀಟಿನ ಗುಂಪುಗಳದ್ದೇ ದರ್ಬಾರು. ಈಗ ಮೊಬೈಲಿನಲ್ಲಿ ಚೆಸ್ ಆಡುವವರೂ ಕಾಣಸಿಗುತ್ತಾರೆ. ನಾನೂ ಅವರಲ್ಲೊಬ್ಬ. ಠಾಣೆ ಬರುವಷ್ಟರಲ್ಲಿ ಎರಡು ಆಟ ಸೋತಿರುತ್ತೇನೆ!

ಆದರೆ ಹಲಗೆಯ ಮೇಲಿನ ಆಟವೇ ಬೇರೆ ಎಂದು ಗೊತ್ತಾದದ್ದು ಹತ್ತು ವರ್ಷದ ಮಗಳನ್ನು ಒಂದು ಟೂರ್ನಿಗೆ ಕರೆದೊಯ್ದಾಗ. ಮನೆಯಲ್ಲಿ ಅವಳು ತಪ್ಪು ನಡೆ ಆಡಿದರೆ "ಇರ್ಲಿ, ವಾಪಸ್ ತಗೋ" ಅನ್ನುತ್ತಿದ್ದೆ. ಅಲ್ಲಿ ಆ ಸೌಲಭ್ಯವಿಲ್ಲ. ಆಡಲೆಂದು ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಇವಳು ಅವಸರದಲ್ಲಿ ರಾಣಿಯನ್ನು ಮುಟ್ಟಿದಳು, ಕಳೆದುಕೊಂಡಳು, ಅಲ್ಲೇ ಸೋಲೊಪ್ಪಿ ಎದ್ದು ಬಂದಳು. "ಇನ್ನು ಆಡಿ ಏನು ಪ್ರಯೋಜನ ಅಪ್ಪಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅದೇ ವಾರ ಆಫೀಸಿನಲ್ಲಿ ಶುಕ್ರವಾರ ಸಂಜೆ ನಾನು ಮಾಡಿದ ರಿಲೀಸೊಂದು ಕೈಕೊಟ್ಟಿತ್ತು. ತಪ್ಪು ನನ್ನದೇ. ಅದನ್ನು ರಿವ್ಯೂ ಮಾಡಿದವನ ಮೇಲೆ ಹಾಕಲು ಎರಡು ದಿನದಿಂದ ಒಂದು ಮೇಲ್ ಬರೆಯುತ್ತಾ, ಅಳಿಸುತ್ತಾ ಇದ್ದೆ.

ಅಷ್ಟರಲ್ಲಿ ಗೆದ್ದ ಹುಡುಗಿಯೇ ಹೊರಗೆ ಬಂದು ಇವಳ ಪಕ್ಕ ಕೂತು ಕಾಯಿಗಳನ್ನು ಮತ್ತೆ ಜೋಡಿಸಿದಳು. ಆಟ ಮುಗಿದ ಮೇಲೆ ಇಬ್ಬರೂ ಸೇರಿ ನಡೆಗಳನ್ನು ಪರೀಕ್ಷಿಸುವುದಕ್ಕೆ ಚೆಸ್‌ನಲ್ಲೂ ಪೋಸ್ಟ್‌ಮಾರ್ಟಂ ಎಂದೇ ಹೆಸರು. ನಮ್ಮ ಐಟಿಯಲ್ಲೂ ಇದೆ, ಆದರೆ ನಾವು ಹುಡುಕುವುದು ಹೆಚ್ಚಾಗಿ ಯಾರು ಎಂಬುದನ್ನು. ಈ ಮಕ್ಕಳು ಎಷ್ಟನೇ ನಡೆ ಎಂದು ಹುಡುಕುತ್ತಿದ್ದರು. "ಇಲ್ಲಿ ಕುದುರೆ ಇಟ್ಟಿದ್ದರೆ ನನಗೆ ಕಷ್ಟವಾಗ್ತಿತ್ತು" ಎಂದು ಆ ಹುಡುಗಿ ಮರಾಠಿಯಲ್ಲಿ ಹೇಳಿದಳು.

ಊಟದ ಬಿಡುವಿನಲ್ಲಿ ಮಗಳಿಗೆ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕಥೆ ಹೇಳಿದೆ. ಚೆನ್ನೈನ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ತೇಜ್‌ಕುಮಾರ್ ರೂಪದಲ್ಲಿ. ದೇಶಕ್ಕೆ ಅವರು 50ನೆಯವರು. ಪಟ್ಟಕ್ಕೆ ಮೂರು ನಾರ್ಮ್ ಬೇಕು, ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ರೈಲ್ವೆ ನೌಕರಿ ಮಾಡುತ್ತಲೇ ಆಡಿದ ಅವರು ಅಲ್ಲಿಗೆ ತಲುಪಿದಾಗ ವಯಸ್ಸು ಮೂವತ್ತೈದು ದಾಟಿತ್ತು. ಮರುವರ್ಷ ಪ್ರಜ್ಞಾನಂದನಿಗೆ ಅದೇ ಪಟ್ಟ ಹನ್ನೆರಡನೇ ವಯಸ್ಸಿಗೇ ಸಿಕ್ಕಿತು. "ಅಷ್ಟು ವರ್ಷ ಅವರಿಗೆ ಬೇಜಾರಾಗ್ಲಿಲ್ವಾ?" ಅಂದಳು. ಆಗಿರಬಹುದು ಅಂದೆ.

ಮುಂದಿನ ಸುತ್ತಿನಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಹೊರಬಂದಾಗ ಸ್ಕೋರ್‌ಶೀಟ್ ಕೈಯಲ್ಲಿತ್ತು. "ಸೋತೆ. ಆದ್ರೆ ಐವತ್ತೆರಡು ನಡೆ ಆಡಿದೆ."

ಸ್ಟೇಷನ್ ಹೊರಗೆ ವಡಾಪಾವ್ ತಿನ್ನುತ್ತಾ ಮೊಬೈಲ್ ತೆಗೆದು, ಆ ಮೇಲ್‌ನಲ್ಲಿ ಸಹೋದ್ಯೋಗಿಯ ಹೆಸರಿದ್ದ ಕಡೆ ನನ್ನ ಹೆಸರು ಹಾಕಿ ಕಳಿಸಿದೆ.