ಚಿನ್ನ ಸುಮ್ಮನಿರುತ್ತೆ, ಲಿಥಿಯಂ ಸುಮ್ಮನಿರಲ್ಲ

ಕಳೆದ ವಾರ ನನ್ನ ಹಳೇ ಫೋನಿನ ಹಿಂಬದಿ ಕವರ್ ತಾನಾಗೇ ಮೇಲೆದ್ದಿತ್ತು. ಬಿಚ್ಚಿ ನೋಡಿದ್ರೆ ಬ್ಯಾಟರಿ ಪೂರಿ ಥರ ಉಬ್ಬಿದೆ. ರಿಪೇರಿ ಅಂಗಡಿ ಹುಡುಗ, "ಸೂಜಿ ಚುಚ್ಚಿ ಗ್ಯಾಸ್ ತೆಗೆದುಬಿಡೋಣ ಸಾರ್" ಅಂದ. ಬೇಡಪ್ಪಾ ಅಂತ ವಾಪಸ್ ತಂದೆ. ಯಾಕೆ ಬೇಡ ಅಂದೆ ಅನ್ನೋದೇ ಇವತ್ತಿನ ವಿಷಯ.

ನಿಮ್ಮ ಕೈಯಲ್ಲಿರೋ ಫೋನೊಳಗೆ ಎರಡು ವಿರುದ್ಧ ಸ್ವಭಾವದ ಲೋಹಗಳಿವೆ. ಕನೆಕ್ಟರ್‌ಗಳ ಮೇಲೆ ತೆಳ್ಳನೆಯ ಚಿನ್ನದ ಲೇಪನ, ಬ್ಯಾಟರಿಯಲ್ಲಿ ಲಿಥಿಯಂ. ಚಿನ್ನ ಗಾಳಿಗೂ ನೀರಿಗೂ ಜಗ್ಗಲ್ಲ. ಹಟ್ಟಿಯಲ್ಲಾಗಲಿ, 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಾಗಲಿ, ಅದು ಬಹುಪಾಲು ಚಿನ್ನವಾಗಿಯೇ ಕಲ್ಲೊಳಗೆ ಕೂತಿತ್ತು. ಲಿಥಿಯಂ ಹಾಗಲ್ಲ. ಮಂಡ್ಯದ ಮಾರ್ಲಗಲ್ಲದಲ್ಲಿ 1,600 ಟನ್ ಇರಬಹುದು ಅಂತ 2021ರಲ್ಲಿ ಪ್ರಾಥಮಿಕ ಅಂದಾಜು ಬಂತಲ್ಲ, ಅಲ್ಲಿ ಹೋಗಿ ಅಗೆದರೆ ಲಿಥಿಯಂ ಲೋಹ ಸಿಗಲ್ಲ, ಅದು ಸೇರಿಕೊಂಡಿರೋ ಖನಿಜ ಸಿಗುತ್ತೆ. ಪ್ರಕೃತಿಯಲ್ಲಿ ಅದು ಒಂಟಿಯಾಗಿ ಎಲ್ಲೂ ಇರಲ್ಲ.

ಕಾರಣ ಎಲೆಕ್ಟ್ರಾನ್. ಲಿಥಿಯಂ ಹತ್ತಿರ ಇರೋದೇ ಮೂರು, ಅದರಲ್ಲಿ ಹೊರಗಿನ ಒಂದನ್ನು ಯಾರಿಗಾದ್ರೂ ಕೊಟ್ಟುಬಿಡೋಕೆ ಕಾಯ್ತಿರುತ್ತೆ. ಚಿನ್ನ ತನ್ನದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೆ. (ಇದರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಪಾತ್ರವೂ ಇದೆ, ಅದಕ್ಕೆ ಇನ್ನೊಂದು ಎಪಿಸೋಡೇ ಬೇಕು.) ನಾನು ಓದಿದ್ದು ಬಿಕಾಂ, ನನಗೆ ಇದು ಲೆಕ್ಕದ ಪುಸ್ತಕದ ಥರ ಕಾಣುತ್ತೆ. ಒಂದು ಕಡೆ ಕ್ರೆಡಿಟ್ ಆದ್ರೆ ಇನ್ನೊಂದು ಕಡೆ ಡೆಬಿಟ್ ಆಗಲೇಬೇಕು. ಎಲೆಕ್ಟ್ರಾನ್ ಕೊಡೋರಿದ್ದರೆ ಸಾಲದು, ತಗೊಳ್ಳೋರೂ ಬೇಕು.

ಹತ್ತನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ ಕ್ರಿಯಾಶೀಲತೆಯ ಸರಣಿ ನೆನಪಿದೆಯಾ? ಪೊಟ್ಯಾಸಿಯಂ, ಸೋಡಿಯಂ ಮೇಲೆ, ಮಧ್ಯದಲ್ಲಿ ಸತು, ಕಬ್ಬಿಣ, ಕೆಳಗೆ ತಾಮ್ರ, ಬೆಳ್ಳಿ, ಚಿನ್ನ. ಅದು ಈ ಕೊಡುಗೈಯವರ ಪಟ್ಟಿ, ಅಷ್ಟೇ. ಆದ್ರೆ ಪಟ್ಟಿ ನೋಡಿ ಮೋಸ ಹೋಗಬಹುದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಎಷ್ಟೋ ಮೇಲಿದೆ, ಆದರೂ ಮನೆಯ ಅಲ್ಯೂಮಿನಿಯಂ ಪಾತ್ರೆ ತುಕ್ಕು ಹಿಡಿದು ಉದುರಲ್ಲ. ಗಾಳಿ ತಾಕಿದ ಕ್ಷಣವೇ ಮೈಮೇಲೆ ಆಕ್ಸೈಡಿನ ಗಟ್ಟಿ ಪದರ ಬೆಳೆಸಿಕೊಂಡು ಒಳಗೆ ಅಡಗಿ ಕೂರುತ್ತೆ.

ಲಿಥಿಯಂನದ್ದು ಇನ್ನೂ ಮಜಾ. ವೋಲ್ಟೇಜ್ ಲೆಕ್ಕದಲ್ಲಿ ಎಲ್ಲಾ ಲೋಹಗಳಿಗಿಂತ ಮುಂದೆ, ಮೈನಸ್ 3.04. ಆದ್ರೆ ನೀರಿಗೆ ಹಾಕಿದ್ರೆ ಸೋಡಿಯಂಗಿಂತ ನಿಧಾನ. ಸೋಡಿಯಂ 98 ಡಿಗ್ರಿಗೇ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತೆ, ಲಿಥಿಯಂ ಕರಗೋಕೆ 180 ಡಿಗ್ರಿ ಬೇಕು. ಎಷ್ಟು ಶಕ್ತಿ ಬರುತ್ತೆ ಅನ್ನೋದು ಬೇರೆ, ಎಷ್ಟು ಬೇಗ ಬರುತ್ತೆ ಅನ್ನೋದು ಬೇರೆ.

ಈಗ ಸೂಜಿ ವಿಷಯಕ್ಕೆ ಬರೋಣ. ಬ್ಯಾಟರಿಯಲ್ಲಿ ಕೊಡೋ ಕಡೆಗೂ ತಗೊಳ್ಳೋ ಕಡೆಗೂ ಮಧ್ಯೆ ಇರೋದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಅದನ್ನ ಚುಚ್ಚಿದ್ರೆ ನಿಧಾನವಾಗಿ ನಡೀಬೇಕಾದ ವ್ಯವಹಾರ ಒಂದೇ ಏಟಿಗೆ ಮುಗಿಯುತ್ತೆ. ಶಾರ್ಟ್ ಆಗಿ ಬಿಸಿ ಏರುತ್ತೆ, ಒಳಗಿನ ದ್ರವ ಹೊತ್ತಿಕೊಳ್ಳುತ್ತೆ. ಉಬ್ಬಿಸಿದ ಗ್ಯಾಸಿಗೂ ಬೆಂಕಿ ಹಿಡಿಯುತ್ತೆ. ಸಾಲದ್ದಕ್ಕೆ ಆ ದ್ರವದಲ್ಲಿ ಕರಗಿರೋ ಲಿಥಿಯಂ ಲವಣದಲ್ಲಿ ಫ್ಲೋರಿನ್ ಇದೆ. ಎಲೆಕ್ಟ್ರಾನ್ ಕಿತ್ತುಕೊಳ್ಳೋದ್ರಲ್ಲಿ ಅದನ್ನ ಮೀರಿಸಿದ ಧಾತು ಇಲ್ಲ. ಆ ಲವಣ ಬಿಸಿಗೆ, ತೇವಕ್ಕೆ ಒಡೆದ್ರೆ ಹೈಡ್ರೋಜನ್ ಫ್ಲೋರೈಡ್ ಬರುತ್ತೆ. ಅದು ಶ್ವಾಸಕೋಶ ಸುಡೋ ವಿಷ.

ಹಾಗಾಗಿ ಉಬ್ಬಿದ್ದನ್ನ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಒಣಕಸದ ಚೀಲಕ್ಕಂತೂ ಹಾಕಲೇಬೇಡಿ. ಕಸದ ಲಾರಿಯಲ್ಲಿ ಜಜ್ಜಿಹೋದ್ರೂ ಸೂಜಿ ಚುಚ್ಚಿದ ಹಾಗೇ. ನನ್ನದು ಈಗ ಬಾಲ್ಕನಿಯ ನೆರಳಲ್ಲಿ, ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿದೆ. ಶನಿವಾರ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಟ್ಟು ಬರ್ತೀನಿ.