ಹೂಜಿ ಗಿಡದ ಹೆಸರಿನ ಚೀಟಿ

ನಮ್ಮ ಕಾಲೇಜಿನಲ್ಲಿ ವಿಜ್ಞಾನ ಬೋಧನಾ ಪದ್ಧತಿಯ ಕೊಠಡಿಯ ಕಿಟಕಿಗೆ ಒಂದು ಹೂಜಿ ಗಿಡದ ಕುಂಡ ತೂಗುಹಾಕಿದೆ. ನನ್ನ ಮನೆಯ ಗಿಡದಿಂದ ಕಾಂಡದ ತುಂಡು ತೆಗೆದು ನಾನೇ ಬೇರು ಬರಿಸಿದ್ದು. ಕುಂಡಕ್ಕೆ ‘ನೆಪೆಂಥಿಸ್ ಖಾಸಿಯಾನಾ, ಮೇಘಾಲಯ’ ಎಂಬ ಚೀಟಿ ಅಂಟಿಸಿದವಳೂ ನಾನೇ. ಗಿಡ ಮಾರಿದವರು ಹಾಗೆ ಹೇಳಿದ್ದರು, ನಾನು ನಂಬಿದ್ದೆ.

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಏಳನೇ ತರಗತಿಗೆ ‘ಸಸ್ಯಗಳಲ್ಲಿ ಪೋಷಣೆ’ ಪಾಠ ಮಾಡಲು ಈ ಕುಂಡವನ್ನೂ ಖಾಸಿಯಾನಾದ ಚಿತ್ರಪಟವನ್ನೂ ಒಯ್ದಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ಪಟ್ಟಿ ಹಿಡಿದು ಕುಳಿತಿದ್ದೆ. ಪಾಠದ ನಡುವೆ ಒಬ್ಬ ಹುಡುಗಿ ಎದ್ದು, “ಸರ್, ಚಿತ್ರದಲ್ಲಿರೋ ಹೂಜಿ ನೆಟ್ಟಗಿದೆ. ಇದಕ್ಕೆ ಮಧ್ಯದಲ್ಲಿ ಸೊಂಟ ಇದೆಯಲ್ಲ, ಯಾಕೆ?” ಎಂದಳು. ಅವರು ಒಂದು ಕ್ಷಣ ತಡವರಿಸಿ, “ಗಿಡದಿಂದ ಗಿಡಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತೆ” ಎಂದು ಮುಂದೆ ಹೋದರು. ನಾನು ಪಟ್ಟಿಯಲ್ಲಿ ‘ಪ್ರಶ್ನೆಗಳ ನಿರ್ವಹಣೆ’ ಎಂಬಲ್ಲಿ ಅಂಕ ಕಡಿಮೆ ಮಾಡಿ, ‘ಉತ್ತರ ಸಮರ್ಪಕವಾಗಿಲ್ಲ’ ಎಂದು ಷರಾ ಬರೆದೆ.

ಸಂಜೆ ಹಿಮ್ಮಾಹಿತಿಯ ಹೊತ್ತಿಗೆ ಅವರು ಮೆಲ್ಲಗೆ ಕೇಳಿದರು: “ಮೇಡಂ, ಸಮರ್ಪಕ ಉತ್ತರ ಯಾವುದು?” ನನಗೂ ಗೊತ್ತಿರಲಿಲ್ಲ. ಆ ರಾತ್ರಿ ಮನೆಯ ಗಿಡದ ಮುಂದೆ ಟಾರ್ಚ್ ಹಿಡಿದು ಕುಳಿತೆ. ಈ ಲೇಖನ ಆಗ ಶುರುವಾದ ಕಲಿಕೆಯ ವರದಿ.

ಹೂಜಿ ಎಂದರೆ ಎಲೆಯೇ

ನೆಪೆಂಥಿಸ್ ಗಿಡದ ಹೂಜಿ ಹೂವಲ್ಲ, ಕಾಯಿಯೂ ಅಲ್ಲ. ಎಲೆಯ ನಡುನರ ತುದಿಯಾಚೆಗೆ ಬಳ್ಳಿಯಂತೆ ಚಾಚಿಕೊಂಡು, ಅದರ ತುದಿ ಉಬ್ಬಿ ಹೂಜಿಯಾಗುತ್ತದೆ. ಸಾರಜನಕ, ರಂಜಕ ಕಡಿಮೆಯಿರುವ ನೆಲದಲ್ಲಿ ಬೆಳೆಯುವ ಈ ಗಿಡ ಆ ಕೊರತೆಯನ್ನು ಕೀಟಗಳಿಂದ ತುಂಬಿಕೊಳ್ಳುತ್ತದೆ. ಆಹಾರವನ್ನು ಮಾತ್ರ ಉಳಿದ ಹಸಿರು ಗಿಡಗಳಂತೆ ಬಿಸಿಲಿನಲ್ಲೇ ತಯಾರಿಸುತ್ತದೆ. ಬಾಯಂಚಿನ ಮಕರಂದಕ್ಕೆ ಬಂದ ಇರುವೆ, ಒದ್ದೆಯಾದ ಆ ಅಂಚಿನ ಮೇಲೆ ಕಾಲು ನಿಲ್ಲದೆ ಒಳಗೆ ಜಾರುತ್ತದೆ. ಕೆಳಗಿನ ದ್ರವದಲ್ಲಿ ಜೀರ್ಣವಾಗುತ್ತದೆ.

ಕೀಟ ಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆ ಎಂದು ಪ್ರತಿವರ್ಷ ಕೆಲವು ಪಾಠಯೋಜನೆಗಳಲ್ಲಿ ಓದುತ್ತೇನೆ. ಹಾಗಾಗುವುದಿಲ್ಲ. ಎಳೆಯ ಹೂಜಿಯ ಮುಚ್ಚಳ ಬೆಳೆದಾಗ ಒಮ್ಮೆ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚುವುದಿಲ್ಲ. ಮಳೆನೀರು ತುಂಬಿ ದ್ರವ ತೆಳುವಾಗದಂತೆ ಅದು ಕೊಡೆಯಂತೆ ನಿಂತಿರುತ್ತದೆ. ಒಂದು ಗಿಡವನ್ನು ಒಂದು ತಿಂಗಳು ನೋಡಿದವರು ಆ ವಾಕ್ಯವನ್ನು ಮತ್ತೆ ಬರೆಯಲಾರರು.

ಗುರುತಿಸುವ ಬಗೆ

ಮೊದಲು ತಿಳಿಯಬೇಕಾದದ್ದು, ಒಂದೇ ಗಿಡದಲ್ಲಿ ಎರಡು ಬಗೆಯ ಹೂಜಿಗಳಿರುತ್ತವೆ. ಬುಡದ ಹೂಜಿಗಳು ದುಂಡಗೆ, ಮುಂಭಾಗದಲ್ಲಿ ಸಾಮಾನ್ಯವಾಗಿ ಎರಡು ಜಾಲರಿ ರೆಕ್ಕೆಗಳೊಡನೆ ಇರುತ್ತವೆ. ಗಿಡ ಮೇಲೇರಿದಾಗ ಬಿಡುವ ಹೂಜಿಗಳು ಸಪೂರವಾಗಿ, ರೆಕ್ಕೆ ಸವೆದು ಬರೀ ಗೀರಿನಂತಿರುತ್ತವೆ. ಆದ್ದರಿಂದ ಹೋಲಿಸುವಾಗ ಬುಡದ ಹೂಜಿಯನ್ನು ಬುಡದ ಹೂಜಿಯೊಡನೆಯೇ ಹೋಲಿಸಬೇಕು.

ನಾನು ನಾಲ್ಕು ಅಂಶಗಳ ಪಟ್ಟಿ ಮಾಡಿಕೊಂಡೆ: ಹೂಜಿಯ ಆಕಾರ, ರೆಕ್ಕೆ, ಬಾಯಂಚು, ಮುಚ್ಚಳ. ಖಾಸಿಯಾನಾದ ಹೂಜಿಗೆ ನಡುವೆ ಸೊಂಟ ಇರುವುದಿಲ್ಲ. ಬುಡದ ಹೂಜಿಗಳಲ್ಲಿ ರೆಕ್ಕೆ ಎದ್ದು ಕಾಣುತ್ತದೆ. ನನ್ನ ಗಿಡದ್ದು ಕೆಳಗೆ ಉಬ್ಬಿ, ನಡುವೆ ಸಣ್ಣಗಾಗಿ, ಮೇಲೆ ಮತ್ತೆ ಅಗಲವಾಗಿತ್ತು. ರೆಕ್ಕೆ ಇತ್ತು, ಆದರೆ ಕಿರಿದು. ಬಾಯಂಚು ಕೆಂಪು.

ಫಿಲಿಪ್ಪೀನ್ಸ್‌ನ ಎರಡು ಪ್ರಭೇದಗಳ ವಿವರಣೆ ಓದಿದಾಗ ಎಳೆ ಸಿಕ್ಕಿತು. ವೆಂಟ್ರಿಕೋಸಾ ಎಂಬುದಕ್ಕೆ ಸೊಂಟ ಚೆನ್ನಾಗಿ ಕಾಣುತ್ತದೆ, ರೆಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಲಾಟಾ ಎಂಬುದರ ಹೆಸರಿನ ಅರ್ಥವೇ ‘ರೆಕ್ಕೆಯುಳ್ಳದ್ದು’. ಇವೆರಡರ ನಡುವಿನ ಮಿಶ್ರತಳಿ ವೆಂಟ್ರಾಟಾ. ಗಟ್ಟಿಮುಟ್ಟಾದ ಗಿಡವಾದ್ದರಿಂದ ಬೆಂಗಳೂರಿನ ನರ್ಸರಿಗಳಲ್ಲೂ ಸಿಗುತ್ತದೆ. ನನ್ನ ಗಿಡದ ಲಕ್ಷಣಗಳು ತಾಯಿತಂದೆ ಎರಡರ ನಡುವೆ ಬಂದು ನಿಲ್ಲುತ್ತವೆ.

ಆದರೂ ನಾನು ‘ಬಹುಶಃ’ ಎಂದೇ ಹೇಳುತ್ತೇನೆ. ನೆಪೆಂಥಿಸ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಎರಡು ಪ್ರಭೇದಗಳ ಗಂಡು ಹೆಣ್ಣು ಒಟ್ಟಿಗೆ ಹೂಬಿಟ್ಟರೆ ಸುಲಭವಾಗಿ ಕೂಡಿಕೆಯಾಗುತ್ತದೆ, ಹುಟ್ಟಿದ ಮಿಶ್ರತಳಿಯೂ ಮತ್ತೆ ಬೀಜ ಕೊಡಬಲ್ಲದು. ಇಂಗ್ಲೆಂಡಿನ ವೀಚ್ ನರ್ಸರಿಯವರು 19ನೇ ಶತಮಾನದಲ್ಲೇ ಇಂಥ ತಳಿಗಳನ್ನು ಮಾಡತೊಡಗಿದ್ದರು. ಎರಡು ಮೂರು ತಲೆಮಾರು ಬೆರೆತ ಗಿಡದ ಕುಲವನ್ನು ನೋಟದಿಂದ ಮಾತ್ರ ಹೇಳಲಾಗದು. ಸಾಲದ್ದಕ್ಕೆ, ಅಲಾಟಾ ಎನ್ನುತ್ತಿದ್ದ ಗುಂಪನ್ನೇ ಸಸ್ಯವಿಜ್ಞಾನಿಗಳು ಈಚೆಗೆ ಹಲವು ಪ್ರಭೇದಗಳಾಗಿ ಬೇರ್ಪಡಿಸಿದ್ದಾರೆ. ತಳಿ ಮಾಡಿದವರ ದಾಖಲೆ ಇದ್ದರೆ ಖಚಿತ. ಇಲ್ಲದಿದ್ದರೆ ನಮ್ಮದು ಕಾರಣಸಹಿತ ಊಹೆ.

ಹೆಸರು ಏಕೆ ಮುಖ್ಯ

ಗಿಡ ಯಾವುದಾದರೇನು, ಪಾಠ ಆಯಿತಲ್ಲ ಎನ್ನಬಹುದು. ಆದರೆ ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ನೆಪೆಂಥಿಸ್ ಖಾಸಿಯಾನಾ ಒಂದೇ. ಮೇಘಾಲಯದ ಖಾಸಿ, ಗಾರೋ, ಜೈಂತಿಯಾ ಬೆಟ್ಟಗಳು ಅದರ ನೆಲೆ. ನೆಲೆ ನಾಶವಾಗಿ, ಕಿತ್ತು ಮಾರಿ ಅದು ಅಪಾಯದ ಅಂಚಿಗೆ ಬಂದಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ಮೊದಲ ಅನುಬಂಧದ ಕಟ್ಟುನಿಟ್ಟಿದೆ. ನನ್ನ ಚೀಟಿ ಓದಿದ ಮಗು, ಆ ಗಿಡ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ ಎಂದುಕೊಂಡರೆ ತಪ್ಪು ಮಗುವಿನದಲ್ಲ.

ಮನೆಯಲ್ಲಿ ಬೆಳೆಸಲು

ಗಿಡ ಸಾಯುವುದು ಹೆಚ್ಚಾಗಿ ನಮ್ಮ ಅತಿ ಆರೈಕೆಯಿಂದ. ತೋಟದ ಮಣ್ಣು, ಗೊಬ್ಬರ ಎರಡೂ ಬೇಡ. ಚೆನ್ನಾಗಿ ತೊಳೆದು ಉಪ್ಪು ಹೋಗಲಾಡಿಸಿದ ತೆಂಗಿನ ನಾರಿನ ಪುಡಿಗೆ ಪರ್ಲೈಟ್ ಬೆರೆಸಿದರೆ ಸಾಕು. ಮಳೆನೀರು ಹಿಡಿದಿಟ್ಟು ಹಾಕಿ. ಇಲ್ಲವೇ ಆರ್‌ಓ ಯಂತ್ರದ ಶುದ್ಧ ನೀರು. ನಾನು ಮೊದಲ ಬೇಸಿಗೆಯಲ್ಲಿ ಕೊಳವೆಬಾವಿಯ ಗಡಸು ನೀರು ಹಾಕಿ ಒಂದು ಗಿಡ ಕಳೆದುಕೊಂಡೆ. ಕುಂಡದ ಬುಡ ತೇವವಾಗಿರಲಿ, ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಬೆಳಗಿನ ಎಳೆಬಿಸಿಲು ಒಳ್ಳೆಯದು, ನಡುಹಗಲಿನ ಸುಡುಬಿಸಿಲಿಗೆ ಮರೆ ಬೇಕು. ಎಲೆ ಬಂದು ಹೂಜಿ ಬಾರದಿದ್ದರೆ ಬೆಳಕು ಅಥವಾ ಗಾಳಿಯ ತೇವ ಕಡಿಮೆಯಾಗಿದೆ ಎಂದರ್ಥ. ಹೂಜಿಗೆ ಮಾಂಸದ ಚೂರು, ಹಾಲು ಹಾಕಬೇಡಿ. ಕೊಳೆತು ಹೂಜಿ ಕಪ್ಪಾಗುತ್ತದೆ. ಇರುವೆಗಳು ತಾವಾಗಿಯೇ ಬರುತ್ತವೆ.

ಎರಡು ಮೂರು ಗೆಣ್ಣಿರುವ ಕಾಂಡದ ತುಂಡನ್ನು ಒದ್ದೆ ಪಾಚಿಯಲ್ಲಿ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿದರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಹೀಗೆ ಪ್ರತಿ ಅಭ್ಯಾಸ ಶಾಲೆಗೆ ಒಂದೊಂದು ಗಿಡ ಕೊಡಬಹುದು.

ತರಗತಿಗೆ

ಮುಂದಿನ ವಾರ ಆ ಪ್ರಶಿಕ್ಷಣಾರ್ಥಿಯ ಜೊತೆ ನಾನೂ ಅದೇ ತರಗತಿಗೆ ಹೋದೆ. ಚೀಟಿ ತಪ್ಪಾಗಿತ್ತು, ಬರೆದದ್ದು ನಾನು ಎಂದು ಮಕ್ಕಳಿಗೆ ಹೇಳಿದೆ. ಅನಂತರ ಅವರು ಪಾಠ ಮುಂದುವರಿಸಿದರು. ಕರಿಹಲಗೆಯ ಮೇಲೆ ಖಾಸಿಯಾನಾ, ವೆಂಟ್ರಿಕೋಸಾ, ಅಲಾಟಾ, ನಮ್ಮ ಗಿಡ ಎಂದು ನಾಲ್ಕು ಕಂಬಸಾಲು. ಆಕಾರ, ರೆಕ್ಕೆ, ಬಾಯಂಚು, ಮುಚ್ಚಳ ಎಂದು ನಾಲ್ಕು ಅಡ್ಡಸಾಲು. ಮಕ್ಕಳು ಗುಂಪುಗಳಲ್ಲಿ ಚಿತ್ರ ನೋಡಿ, ಗಿಡ ಮುಟ್ಟಿ ತುಂಬಿದರು. ಪರ ಗುರುತುಗಳು ಬಂದರೂ ‘ಬಹುಶಃ’ ಏಕೆ ಬರೆಯಬೇಕು ಎಂಬ ಚರ್ಚೆಯಲ್ಲೇ ಗಂಟೆ ಹೊಡೆಯಿತು. ಅನಿಶ್ಚಿತತೆಯನ್ನು ಹೇಗೆ ಬರೆಯಬೇಕು ಎಂಬುದನ್ನು ನನ್ನ ಯಾವ ಉಪನ್ಯಾಸವೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಅವಲೋಕನ ಪಟ್ಟಿಯಲ್ಲಿ ನನ್ನ ಷರಾ ಹೊಡೆದುಹಾಕಿ, ಅಂಕ ತಿದ್ದಿ ಸಹಿ ಮಾಡಿದೆ. ಪ್ರಶಿಕ್ಷಣಾರ್ಥಿಗಳು ನೆನಪಿಡಬೇಕಾದದ್ದು ಇಷ್ಟು: ಬೋಧನೋಪಕರಣದ ಮೇಲೆ ಬರೆದ ಹೆಸರನ್ನು, ಅದು ನಿಮ್ಮ ಮಾರ್ಗದರ್ಶಕರು ಬರೆದದ್ದಾದರೂ, ಒಮ್ಮೆ ಪರೀಕ್ಷಿಸಿ. ಗೊತ್ತಿಲ್ಲದ ಪ್ರಶ್ನೆ ಬಂದಾಗ ‘ನೋಡಿ ಹೇಳುತ್ತೇನೆ’ ಎನ್ನಿ. ನೋಡಿ, ಹೋಗಿ ಹೇಳಿ.

ಕುಂಡದ ಹೊಸ ಚೀಟಿ ಹೀಗಿದೆ: ‘ಹೂಜಿ ಗಿಡ, ಮಿಶ್ರತಳಿ, ಬಹುಶಃ ವೆಂಟ್ರಾಟಾ’. ಅಕ್ಷರ ಆ ಹುಡುಗಿಯದು.