ಮರಳುಗಾಡಿನ ಓಟದಲ್ಲಿ ದಂಡ ಯಾವಾಗ, ಅನರ್ಹತೆ ಯಾವಾಗ?

1988ರ ಜನವರಿ. ಪ್ಯಾರಿಸ್-ಡಕಾರ್ ರ‍್ಯಾಲಿ ಮಾಲಿ ದೇಶದ ರಾಜಧಾನಿ ಬಮಾಕೊ ತಲುಪಿತ್ತು. ಹಿಂದಿನ ವರ್ಷದ ವಿಜೇತ, ಫಿನ್ಲೆಂಡ್‌ನ ಆರಿ ವಟಾನೆನ್ ಆ ವರ್ಷವೂ ಮುನ್ನಡೆಯಲ್ಲಿದ್ದರು. ಬೆಳಗಾಗುವಷ್ಟರಲ್ಲಿ ಅವರ ಪ್ಯೂಜೊ ಕಾರು ಕಳುವಾಗಿತ್ತು! ಕಾರು ಪತ್ತೆಯಾಯಿತಾದರೂ ಹೊರಡುವ ಗಡುವು ಮೀರಿಹೋಗಿತ್ತು. ವಟಾನೆನ್ ಅನರ್ಹಗೊಂಡರು. ಅವರದೇ ತಂಡದ ಯುಹಾ ಕಂಕುನೆನ್ ಪ್ರಶಸ್ತಿ ಗೆದ್ದರು.

ಕಾರು ಕಳುವಾದದ್ದು ಚಾಲಕನ ತಪ್ಪೇ? ಅಲ್ಲ. ಆದರೂ ನಿಯಮ ಸಡಿಲವಾಗಲಿಲ್ಲ. ರಸ್ತೆಯೇ ಇಲ್ಲದ ನೆಲದಲ್ಲಿ, ಪ್ರೇಕ್ಷಕರ ಕಣ್ಣಿಗೆ ಬೀಳದ ನೂರಾರು ಕಿಲೋಮೀಟರ್ ಓಡುವ ಸ್ಪರ್ಧೆಯಿದು. ಇಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಿಯಮವಲ್ಲದೆ ಬೇರೆ ಆಧಾರವಿಲ್ಲ.

ಮೂರು ಬೇರೆ ಬೇರೆ ಸಂಗತಿಗಳು

ವಾಹನ ಕೆಟ್ಟೋ, ಗಾಯಗೊಂಡೋ ಸ್ಪರ್ಧಿ ಓಟ ನಿಲ್ಲಿಸಿದರೆ ಅದು ನಿವೃತ್ತಿ. ತಪ್ಪಿಗೆ ಪ್ರತಿಯಾಗಿ ಒಟ್ಟು ಸಮಯಕ್ಕೆ ನಿಮಿಷಗಳನ್ನೋ ಗಂಟೆಗಳನ್ನೋ ಸೇರಿಸಿದರೆ ಅದು ದಂಡ. ಫಲಿತಾಂಶ ಪಟ್ಟಿಯಿಂದಲೇ ಹೆಸರು ತೆಗೆದುಹಾಕಿದರೆ ಅದು ಅನರ್ಹತೆ. ಕಾರು ಹಾಗೂ ಟ್ರಕ್‌ಗಳಿಗೆ ಎಫ್‌ಐಎ, ಬೈಕ್‌ಗಳಿಗೆ ಎಫ್‌ಐಎಂ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳ ನಿಯಮಗಳು ಅನ್ವಯಿಸುತ್ತವೆ. ತೀರ್ಪು ನೀಡುವವರು ಸ್ಟೀವರ್ಡ್‌ಗಳು.

ಪ್ರಕರಣಗಳನ್ನು ಗಮನಿಸಿದರೆ ಒಂದು ತರ್ಕ ಗೋಚರಿಸುತ್ತದೆ. ತಪ್ಪಿನಿಂದಾದ ಲಾಭವನ್ನು ಸಮಯದಲ್ಲಿ ಅಳೆಯಬಹುದಾದರೆ ಸಾಮಾನ್ಯವಾಗಿ ದಂಡ. ಅಳೆಯಲು ಆಗದಿದ್ದರೆ ಅನರ್ಹತೆ.

2001ರ ಡಕಾರ್ ರ‍್ಯಾಲಿಯ ಕೊನೆಯ ದಿನಗಳಲ್ಲಿ ಫ್ರಾನ್ಸಿನ ಜಾನ್-ಲೂಯಿ ಶ್ಲೆಸರ್ ತಮಗೆ ಗೊತ್ತುಪಡಿಸಿದ ಸಮಯಕ್ಕೆ ಮೊದಲೇ ಹೊರಟು, ಮುನ್ನಡೆಯಲ್ಲಿದ್ದ ಜಪಾನಿನ ಹಿರೋಶಿ ಮಸುಓಕಾ ಅವರಿಗಿಂತ ಮುಂದಾದರು. ಅವರನ್ನು ಹೊರಹಾಕಲಿಲ್ಲ, ಒಂದು ಗಂಟೆ ದಂಡ ವಿಧಿಸಲಾಯಿತು. ಆ ಗಂಟೆಯಲ್ಲೇ ಪ್ರಶಸ್ತಿ ಕೈತಪ್ಪಿತು. ಜರ್ಮನಿಯ ಯುಟ್ಟಾ ಕ್ಲೈನ್‌ಶ್ಮಿಟ್ ಡಕಾರ್ ಗೆದ್ದ ಮೊದಲ ಮಹಿಳೆಯಾದರು.

ದಾರಿ ಮತ್ತು ವಾಹನ

ಸ್ಪರ್ಧಿಗಳು ರೋಡ್‌ಬುಕ್ ಅನುಸರಿಸಿ, ನಿಗದಿತ ವೇ ಪಾಯಿಂಟ್‌ಗಳನ್ನು ಮುಟ್ಟುತ್ತಾ ಸಾಗಬೇಕು. ಮುಟ್ಟಿದ್ದಕ್ಕೆ ಜಿಪಿಎಸ್ ಯಂತ್ರವೇ ಸಾಕ್ಷಿ. ಒಂದೆರಡು ತಪ್ಪಿದರೆ ದಂಡ ತೆತ್ತು ಮುಂದುವರಿಯಬಹುದು. ಆದರೆ 2009ರಲ್ಲಿ ಕತಾರ್‌ನ ನಾಸರ್ ಅಲ್-ಅತ್ತಿಯಾ ಅವರ ಕಾರಿನ ಎಂಜಿನ್ ವಿಪರೀತ ಕಾಯತೊಡಗಿದಾಗ, ಅವರು ಮರಳ ದಿಬ್ಬಗಳನ್ನು ತಪ್ಪಿಸಿ ಬೇರೆ ದಾರಿ ಹಿಡಿದರು. ಹಲವು ವೇ ಪಾಯಿಂಟ್‌ಗಳು ಬಿಟ್ಟುಹೋದವು. ಎಲ್ಲರೂ ಓಡಿದ ದಾರಿಯನ್ನು ಓಡದವರ ಸಮಯವನ್ನು ಇತರರೊಂದಿಗೆ ಹೋಲಿಸುವುದೆಂತು? ಮುಂಚೂಣಿಯಲ್ಲಿದ್ದ ಅವರು ಅನರ್ಹಗೊಂಡರು. ಅವರಿಗೆ ಮೊದಲ ಪ್ರಶಸ್ತಿ ದಕ್ಕಿದ್ದು 2011ರಲ್ಲಿ.

ವಾಹನವೇ ನಿಯಮಬದ್ಧವಾಗಿಲ್ಲದಿದ್ದರೂ ಇದೇ ಗತಿ. 2012ರಲ್ಲಿ ಅಮೆರಿಕದ ರಾಬಿ ಗಾರ್ಡನ್ ಅವರ ಹಮ್ಮರ್ ವಾಹನದಲ್ಲಿ ಟೈರಿಗೆ ಗಾಳಿ ತುಂಬುವ ವ್ಯವಸ್ಥೆ ನಿಯಮಕ್ಕೆ ವಿರುದ್ಧವಾಗಿದೆ ಎಂದು ಸ್ಟೀವರ್ಡ್‌ಗಳು ತೀರ್ಪಿತ್ತರು. ಗಾರ್ಡನ್ ಮೇಲ್ಮನವಿ ಸಲ್ಲಿಸಿದರು. ಅದು ಇತ್ಯರ್ಥವಾಗುವ ತನಕ ಓಡಲು ಅವಕಾಶ ದೊರೆತು ಐದನೆಯವರಾಗಿ ಗುರಿ ಮುಟ್ಟಿದರು. ನಂತರ ಮೇಲ್ಮನವಿ ತಿರಸ್ಕೃತವಾಗಿ ಆ ಸ್ಥಾನವೂ ಹೋಯಿತು. ಗುರಿ ಮುಟ್ಟಿದ ಕ್ಷಣದ ಫಲಿತಾಂಶವೇ ಅಂತಿಮವಲ್ಲ ಎಂಬುದಕ್ಕೆ ಇದು ಉದಾಹರಣೆ.

ಎಲ್ಲಕ್ಕಿಂತ ಮಿಗಿಲು ಜೀವ

2019ರಲ್ಲಿ ಪೆರು ದೇಶದಲ್ಲಿ ನಡೆದ ಡಕಾರ್‌ನಲ್ಲಿ ರಷ್ಯಾದ ಆಂದ್ರೇ ಕಾರ್ಗಿನೊವ್ ಅವರ ಕಮಾಜ್ ಟ್ರಕ್ ಪ್ರೇಕ್ಷಕನೊಬ್ಬನ ಕಾಲಿನ ಮೇಲೆ ಹಾದುಹೋಯಿತು. ನೆರವಿಗಾಗಿ ಟ್ರಕ್ ನಿಲ್ಲಲಿಲ್ಲ. 2014ರಲ್ಲಿ ಟ್ರಕ್ ವಿಭಾಗ ಗೆದ್ದಿದ್ದ ಕಾರ್ಗಿನೊವ್ ಅನರ್ಹಗೊಂಡರು.

ಇದೇ ನಿಯಮಕ್ಕೆ ಇನ್ನೊಂದು ಮುಖವೂ ಇದೆ. ಅಪಘಾತಕ್ಕೀಡಾದವರ ನೆರವಿಗೆ ನಿಂತವರಿಗೆ ಕಳೆದುಹೋದ ಸಮಯವನ್ನು ಮರಳಿ ನೀಡಲಾಗುತ್ತದೆ. 2020ರಲ್ಲಿ ಸೌದಿ ಅರೇಬಿಯಾದಲ್ಲಿ ಭಾರತದ ಹೀರೊ ತಂಡದ ಸವಾರ, ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವೆಸ್ ಬಿದ್ದು ಮೃತಪಟ್ಟಾಗ ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಓಟ ಬಿಟ್ಟು ಅವರ ಬಳಿ ನಿಂತಿದ್ದರು. ಪ್ರೈಸ್‌ಗೆ ಆ ಸಮಯ ಮರಳಿ ದೊರೆಯಿತು.

ಈ ನಿಯಮದ ಬೆಲೆ ಕನ್ನಡಿಗರಿಗೂ ಗೊತ್ತು. 2015ರಲ್ಲಿ ಡಕಾರ್ ಓಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ 2021ರಲ್ಲಿ ಇದೇ ರ‍್ಯಾಲಿಯ ನಾಲ್ಕನೇ ಹಂತದಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ಹೆಲಿಕಾಪ್ಟರ್ ಮೂಲಕ ಅವರನ್ನು ರಿಯಾದ್‌ನ ಆಸ್ಪತ್ರೆಗೆ ಸಾಗಿಸಲಾಯಿತು, ಅವರು ಬದುಕುಳಿದರು. ಮರಳುಗಾಡಿನಲ್ಲಿ ಬಿದ್ದವರ ಬಳಿಗೆ ಅನೇಕ ವೇಳೆ ವೈದ್ಯರಿಗಿಂತ ಮೊದಲು ತಲುಪುವವರು ಹಿಂದೆ ಬರುವ ಪ್ರತಿಸ್ಪರ್ಧಿಗಳೇ. ನಿಂತರೆ ಸೋಲುತ್ತೇನೆಂಬ ಭಯ ಅವರಿಗಿರಬಾರದು. ನಿಲ್ಲದೆ ಹೋದವರಿಗೆ ಗೆಲುವು ದಕ್ಕಬಾರದು. ಅನರ್ಹತೆಯ ನಿಯಮ ಇಷ್ಟು ಕಠಿಣವಾಗಿರುವುದು ಇದಕ್ಕಾಗಿಯೂ ಹೌದು.